ಸಣ್ಣ ಹ್ಯಾಚ್‌ಬ್ಯಾಕ್, ಮಲೆನಾಡಿನ ಮಳೆ, ಮತ್ತು ಕೆಳಗೆ ಹೋಗುವ ಬ್ರೇಕ್ ಪೆಡಲ್

ಕಾರು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲ. ಕಂಪನಿ ಹೆಸರು ಬರೆಯಲ್ಲ, ಈ ಜಾತಿಯ ಕಾರು ಯಾರ ಹತ್ತಿರ ಇದ್ದರೂ ಮುಂದಿನ ಮಾತು ಅನ್ವಯಿಸುತ್ತೆ. ಮೈಲೇಜ್, ಏಸಿ ಬಗ್ಗೆ ಎಲ್ಲರೂ ಬರೆದು ಮುಗಿಸಿದ್ದಾರೆ, ನನ್ನದೂ ತಕರಾರಿಲ್ಲ. ಹಿಂದಿನ ಸೀಟು ಮಡಚಿದರೆ ಅಡಿಕೆ ಮೂಟೆ ಹಿಡಿಯುತ್ತೆ, ನಮಗೆ ಅಷ್ಟು ಸಾಕು. ತಲೆ ತಿಂದಿದ್ದು ಬ್ರೇಕ್ ಪೆಡಲ್ ಒಂದೇ.

ನಮ್ಮದು ತೀರ್ಥಹಳ್ಳಿ ಕಡೆ. ಅಮ್ಮನ ಚೆಕಪ್ಪಿಗೆ ಮಣಿಪಾಲಕ್ಕೆ ಹೋಗೋದು ಆಗುಂಬೆ ಘಾಟಿಯಲ್ಲಿ, 14 ಹೇರ್‌ಪಿನ್ ತಿರುವು. ಗೇರಿನಲ್ಲೇ ಇಳಿಸುತ್ತೇನೆ, ಆದರೂ ಪ್ರತಿ ತಿರುವಿನ ಬಾಯಲ್ಲಿ ಬ್ರೇಕ್ ಬೇಕೇ ಬೇಕು. ಕೊಂಡು ಕೆಲವು ವರ್ಷ ಆದಮೇಲೆ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋದ ನಂತರವೇ ಹಿಡಿಯೋಕೆ ಶುರುವಾಯಿತು. ಬೇಗ ಬೇಗ ಎರಡು ಸಲ ತುಳಿದರೆ ಮೇಲೆ ಬರುತ್ತಿತ್ತು. ಪಕ್ಕದಲ್ಲಿ ಕೂತ ಅಮ್ಮನೂ ತನ್ನ ಕಡೆಯ ಮ್ಯಾಟನ್ನು ತುಳಿಯುತ್ತಿದ್ದಳು.

ಸರ್ವಿಸ್ ಸೆಂಟರಿನಲ್ಲಿ "ಏರ್ ಹಿಡಿದಿದೆ ಸಾರ್" ಅಂದರು. ಅಂದರೆ ಬ್ರೇಕ್ ಆಯಿಲ್ ಪೈಪಿನೊಳಗೆ ಗಾಳಿ ಸೇರಿದೆ ಅಂತ. ಏರ್ ತೆಗೆದರು, ಬಿಲ್ ಆಯಿತು, ಪೆಡಲ್ ಹಾಗೇ ಉಳಿಯಿತು. ಮುಂದಿನ ಸಲ ಬ್ರೇಕ್ ಆಯಿಲ್ ಹಳೇದು ಅಂದರು. ಅದು ಸುಳ್ಳಲ್ಲ. ಡಬ್ಬಿಯಲ್ಲಿದ್ದ ಆಯಿಲ್ ಕಂದು ಬಣ್ಣಕ್ಕೆ ತಿರುಗಿತ್ತು. ಈ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ, ನಮ್ಮೂರಿನ ಗಾಳಿಯಲ್ಲಿ ತೇವಕ್ಕೇನು ಬರ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ಮಾನದಂಡ. 3.7 ಪರ್ಸೆಂಟ್ ನೀರು ಸೇರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತೆ. ಘಾಟಿಯಲ್ಲಿ ಬ್ರೇಕ್ ಕಾದು ಒಳಗೆ ಆವಿಯ ಗುಳ್ಳೆ ಎದ್ದರೆ ಪೆಡಲ್ ನೆಲ ಮುಟ್ಟುತ್ತೆ, ತಣ್ಣಗಾದ ಮೇಲೆ ಏನೂ ಆಗಿಲ್ಲದ ಹಾಗೆ ವಾಪಸ್ ಬರುತ್ತೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ, ಅದರಲ್ಲಿ ಜಿಪುಣತನ ಬೇಡ. ಆದರೆ ನನ್ನ ಪೆಡಲ್ ಬೆಳಿಗ್ಗೆ ಅಂಗಳದಲ್ಲಿ ನಿಂತಾಗಲೇ ಕೆಳಗಿತ್ತು. ಹೊಸ ಆಯಿಲ್ ಹಾಕಿದ ಮೇಲೂ ಅಲ್ಲೇ ಇತ್ತು.

ಮೂರನೇ ತೀರ್ಪು: ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳ ಕಡೆ ಒತ್ತುವ ಭಾಗ) ಹೋಗಿದೆ, ಪೂರ್ತಿ ಅಸೆಂಬ್ಲಿ ಬದಲಾಯಿಸಬೇಕು. ಎಸ್ಟಿಮೇಟ್ ನೋಡಿ ಅಡಿಕೆ ರೇಟು ನೆನಪಾಯಿತು. ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದ್ದರೆ ಪೆಡಲನ್ನು ಒಂದೇ ಸಮ ಒತ್ತಿ ಹಿಡಿದಾಗ ಅದು ನಿಧಾನಕ್ಕೆ ಕೆಳಗೆ ಜಾರಬೇಕು. ನನ್ನದು ಒಂದು ನಿಮಿಷ ಒತ್ತಿ ಹಿಡಿದರೂ ಕೂದಲಷ್ಟೂ ಇಳಿಯುತ್ತಿರಲಿಲ್ಲ. ಇದನ್ನು ಹೇಳಿದರೆ ಅಡ್ವೈಸರ್ ಕಂಪ್ಯೂಟರ್ ಕಡೆ ನೋಡುತ್ತಾ "ಪ್ರೊಸೀಜರ್ ಹಾಗೇ ಸಾರ್" ಅಂದ. ಆ ಸರ್ವಿಸ್ ಸೆಂಟರಿಗೆ ನನ್ನ ಕಡೆಯಿಂದ ಒಂದು ಸ್ಟಾರ್, ಅದೂ ಕಾಫಿಗೆ.

ಕಾರನ್ನು ಮೇಗರವಳ್ಳಿ ದಾರಿಯ ಸಣ್ಣ ಗ್ಯಾರೇಜಿಗೆ ಒಯ್ದೆ. ಅಲ್ಲಿನ ಮೆಕ್ಯಾನಿಕ್ ಬಾನೆಟ್ ಎತ್ತಲೂ ಇಲ್ಲ. ಡ್ರೈವರ್ ಸೀಟಿನಲ್ಲಿ ಕೂತು ಪೆಡಲ್ ಒತ್ತಿ ನೋಡಿದ. ಆಮೇಲೆ ಹ್ಯಾಂಡ್ ಬ್ರೇಕನ್ನು ಅರ್ಧ ಎಳೆದು ಮತ್ತೆ ಒತ್ತಿದ. "ನೀವೇ ಒತ್ತಿ ಮಾರಾಯ್ರೆ" ಅಂತ ಇಳಿದ. ಒತ್ತಿದೆ. ಪೆಡಲ್ ಮೇಲೆಯೇ ಗಟ್ಟಿಯಾಗಿ ನಿಂತಿತು! ಹ್ಯಾಂಡ್ ಬ್ರೇಕ್ ಬಿಟ್ಟರೆ ಮತ್ತೆ ಕೆಳಗೆ.

ವಿಷಯ ಇಷ್ಟೇ. ಹಿಂದಿನ ಡ್ರಮ್ಮಿನೊಳಗೆ ಶೂ ಅನ್ನೋ ಎರಡು ಬಾಗಿದ ಪಟ್ಟಿ ಹೊರಕ್ಕೆ ಒತ್ತಿಕೊಂಡು ಚಕ್ರ ನಿಲ್ಲಿಸುತ್ತೆ, ಹ್ಯಾಂಡ್ ಬ್ರೇಕ್ ಎಳೆದಾಗಲೂ ಒತ್ತೋದು ಅದೇ ಶೂ. ಅದರ ಮೇಲಿನ ಲೈನರ್ ಸವೆದಷ್ಟೂ ಶೂ ಮತ್ತು ಡ್ರಮ್ಮಿನ ನಡುವಿನ ಸಂದು ದೊಡ್ಡದಾಗುತ್ತೆ, ಅದನ್ನು ತಾನೇ ಸರಿ ಮಾಡಿಕೊಳ್ಳಲು ಒಳಗೊಂದು ಅಡ್ಜಸ್ಟರ್ ಇರುತ್ತೆ. ಅದು ಕೆಲಸ ನಿಲ್ಲಿಸಿದರೆ ಪೆಡಲಿನ ಅರ್ಧ ಓಟ ಶೂಗಳನ್ನು ಡ್ರಮ್ಮಿಗೆ ಮುಟ್ಟಿಸೋದರಲ್ಲೇ ಖರ್ಚಾಗುತ್ತೆ. ಎರಡನೇ ಸಲ ಬೇಗ ತುಳಿದಾಗ ಶೂ ಇನ್ನೂ ಪೂರ್ತಿ ಹಿಂದೆ ಹೋಗಿರೋದಿಲ್ಲ, ಅದಕ್ಕೇ ಪೆಡಲ್ ಮೇಲೆ ಸಿಗುತ್ತೆ. ಏರ್ ಇದ್ದರೂ ಪಂಪ್ ಮಾಡಿದಾಗ ಹೀಗೇ ಮೇಲೆ ಬರುತ್ತೆ, ಎಲ್ಲರೂ ಮೋಸ ಹೋಗೋದು ಇಲ್ಲೇ. ಕಾಲಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತೆ. ಏರ್ ಇದ್ದರೆ ಕೊನೆವರೆಗೂ ಸ್ಪಾಂಜ್ ಒತ್ತಿದ ಹಾಗೆ. ಡ್ರಮ್ ಸಡಿಲವಿದ್ದರೆ ಕೆಳಗೆ ಹೋಗುತ್ತೆ, ಆದರೆ ಹೋಗಿ ನಿಂತ ಕಡೆ ಗಟ್ಟಿ.

ಡ್ರಮ್ ಬಿಚ್ಚಿದಾಗ ಎರಡೂ ಕಡೆ ಅಡ್ಜಸ್ಟರ್ ತುಕ್ಕು ಹಿಡಿದು ಕೂತಿತ್ತು. ಸಿಟ್ಟು ಬಂದಿದ್ದು ಆಮೇಲೆ. ಹ್ಯಾಂಡ್ ಬ್ರೇಕ್ ಲಿವರ್ ಜಾಸ್ತಿ ಮೇಲೆ ಬರುತ್ತೆ ಅಂದಾಗಲೆಲ್ಲ ಸರ್ವಿಸಿನವರು ಡ್ರಮ್ ಬಿಚ್ಚದೆ ಬರೀ ಕೇಬಲ್ ಬಿಗಿ ಮಾಡಿ ಕಳಿಸಿದ್ದರು. ಕೇಬಲ್ ಬಿಗಿಯಾಗಿ ಎಳೆದುಕೊಂಡೇ ಇದ್ದರೆ ಅಡ್ಜಸ್ಟರಿಗೆ ಆಡಲು ಜಾಗವೇ ಇರಲ್ಲ. ಮೆಕ್ಯಾನಿಕ್ ಮೊದಲು ಕೇಬಲ್ ಸಡಿಲ ಮಾಡಿದ, ಅಡ್ಜಸ್ಟರ್ ಬಿಚ್ಚಿ ತಿಕ್ಕಿದ, ಶಾಖ ತಡೆಯುವ ಗ್ರೀಸನ್ನು ಬೇಕಾದ ಕಡೆ ಮಾತ್ರ, ಲೈನರಿಗೆ ತಾಗದ ಹಾಗೆ ಸವರಿದ. ಡ್ರಮ್ ಹಾಕಿ, ಕೈಯಲ್ಲಿ ತಿರುಗಿಸಿದರೆ ಸರ್ ಸರ್ ಅಂತ ಸಣ್ಣಗೆ ಸವರುವಷ್ಟು ಬಿಗಿ ಇಟ್ಟ. ಕೇಬಲ್ ಎಲ್ಲಕ್ಕಿಂತ ಕೊನೆಗೆ. ಆಯಿಲಿನ ಒತ್ತಡದಿಂದ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಅಂಚನ್ನು ಬೆರಳಲ್ಲಿ ಎತ್ತಿ ಒಳಗೆ ಒಣಗಿದೆ ಅಂತ ತೋರಿಸಿದ. ತೇವ ಇದ್ದಿದ್ದರೆ ಅದನ್ನೂ ಬದಲಾಯಿಸಬೇಕಿತ್ತು. ಕೇಳಿದ ಮಜೂರಿ ಎಸ್ಟಿಮೇಟಿನ ಕಾಲು ಭಾಗವೂ ಅಲ್ಲ.

ಕಾರಿನ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ಈಗ ದಿನಾ ಬೆಳಿಗ್ಗೆ ನನ್ನದೊಂದು ಪೂಜೆ ಇದೆ. ಕೀ ತಿರುಗಿಸುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ತುಳಿಯೋದು, ಕಾಲು ಹಾಗೇ ಇಟ್ಟು ಸ್ಟಾರ್ಟ್ ಮಾಡೋದು. ಎಂಜಿನ್ ಹತ್ತಿಕೊಂಡ ಕೂಡಲೇ ಪೆಡಲ್ ಪಾದದಡಿ ಚೂರು ಇಳಿದು ನಿಲ್ಲುತ್ತೆ. ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್ ಸರಿ ಇದೆ ಅಂತ ಅರ್ಥ. ಆ ಚೂರು ಇಳಿತ ಸಿಗದೆ ಗೇಟು ದಾಟಿದರೆ ನನಗೆ ಸಮಾಧಾನ ಇಲ್ಲ. ವಾರಕ್ಕೊಮ್ಮೆ ಮೊಬೈಲ್ ಟಾರ್ಚಿನಲ್ಲಿ ಆಯಿಲ್ ಮಟ್ಟ ನೋಡುತ್ತೇನೆ. ಮುಂದಿನ ಡಿಸ್ಕಿನ ಪ್ಯಾಡ್ ಸವೆದಂತೆ ಅದು ನಿಧಾನಕ್ಕೆ ಇಳಿಯೋದು ಸಹಜ, ಏಕಾಏಕಿ ಇಳಿದರೆ ಎಲ್ಲೋ ಸೋರುತ್ತಿದೆ ಅಂತಲೇ ಲೆಕ್ಕ.

2019ರ ಏಪ್ರಿಲ್ ನಂತರದ ಕಾರುಗಳಲ್ಲಿ ಎಬಿಎಸ್ ಕಡ್ಡಾಯ ಆಗಿದೆ. ಅದರ ಯುನಿಟ್ಟಿನೊಳಗೆ ಏರ್ ಸೇರಿದರೆ ಅದನ್ನು ತೆಗೆಯಲು ಹಲವು ಮಾಡೆಲ್‌ಗಳಿಗೆ ಸ್ಕ್ಯಾನರ್ ಬೇಕಾಗುತ್ತೆ, ರಸ್ತೆ ಬದಿಯ ಗ್ಯಾರೇಜು ಸಾಲದು. ಹ್ಯಾಂಡ್ ಬ್ರೇಕಿನ ಪರೀಕ್ಷೆ ಮಾತ್ರ ಹಿಂದೆ ಡ್ರಮ್ ಇರುವ ಅವಕ್ಕೂ ನಡೆಯುತ್ತೆ.

ನನ್ನ ಬಜೆಟ್ಟಿಗೆ ಈ ಕಾರು ಐದಕ್ಕೆ ನಾಲ್ಕು. ಈಗ ಪ್ರತಿ ಮಳೆಗಾಲ ಮುಗಿದ ಮೇಲೆ ಡ್ರಮ್ ಬಿಚ್ಚಿ ಕ್ಲೀನ್ ಮಾಡಿಸುತ್ತೇನೆ. ಮುಂದಿನ ಚಕ್ರದ ಎರಡೂ ರಬ್ಬರ್ ಹೋಸಿನಲ್ಲಿ ಸಣ್ಣ ಬಿರುಕು ಕಾಣಿಸಿದೆ, ಶಿವಮೊಗ್ಗದಲ್ಲಿ ಒರಿಜಿನಲ್ ಸಿಕ್ಕಿದ ಕೂಡಲೇ ಹಾಕಿಸಬೇಕು.