ಉದ್ದೇಶ ಪತ್ತೆ ಯಂತ್ರಗಳು: ಅಳೆಯುವುದೊಂದು, ಹೇಳುವುದೊಂದು

ವಿಮಾನ ನಿಲ್ದಾಣ, ಗಡಿಗಳ ತಪಾಸಣೆಯಲ್ಲಿ ಲೋಹ ಶೋಧಕ ಲೋಹವನ್ನು ಹುಡುಕುತ್ತದೆ. ಎಕ್ಸ್-ರೇ ಯಂತ್ರ ಬ್ಯಾಗಿನೊಳಗಿನ ವಸ್ತು ಎಷ್ಟು ದಟ್ಟವಾಗಿದೆ ಎಂದು ತೋರಿಸುತ್ತದೆ. ಇವೆರಡರ ಪಕ್ಕದಲ್ಲಿ ಜಾಗ ಕೇಳುತ್ತಿರುವ ಮೂರನೆಯ ಬಗೆಯ ಸಾಧನ, ಪ್ರಯಾಣಿಕರ ಮನಸ್ಸಿನಲ್ಲಿ ಏನಿದೆ ಎಂಬುದನ್ನೇ ಹೇಳುತ್ತೇನೆ ಎನ್ನುತ್ತದೆ. ಅಮೆರಿಕದ ಒಳನಾಡು ಭದ್ರತಾ ಇಲಾಖೆಯ ‘ಫಾಸ್ಟ್’, ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಅವತಾರ್’ ಕಿಯೋಸ್ಕ್, ಐರೋಪ್ಯ ಒಕ್ಕೂಟದ ಹಣದಲ್ಲಿ ನಡೆದ ‘ಐಬಾರ್ಡರ್‌ಕಂಟ್ರೋಲ್’ ಈ ಬಗೆಯ ಹೆಸರಾಂತ ಮಾದರಿಗಳು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಇವುಗಳ ಸೆನ್ಸರ್‌ಗಳು ಒಳ್ಳೆಯವು, ಆದರೆ ಅವುಗಳ ಆಧಾರದ ಮೇಲೆ ಯಂತ್ರ ಕೊಡುವ ತೀರ್ಪನ್ನು ತಪಾಸಣೆಯ ಸಾಲಿನಲ್ಲಿ ಬಳಸುವಂತಿಲ್ಲ.

ಫಾಸ್ಟ್‌ನಲ್ಲಿ ಎದೆಬಡಿತ ಮತ್ತು ಉಸಿರಾಟವನ್ನು ದೂರದಿಂದಲೇ ಅಳೆಯುವ ಲೇಸರ್ ಸಾಧನ, ಕಣ್ಣಿನ ಚಲನೆ ಗಮನಿಸುವ ಕ್ಯಾಮೆರಾ, ಮುಖದ ಶಾಖ ನೋಡುವ ಥರ್ಮಲ್ ಕ್ಯಾಮೆರಾ, ದನಿಯ ಏರಿಳಿತಕ್ಕೊಂದು ಮೈಕ್ ಇದ್ದವು. ಅವತಾರ್‌ನಲ್ಲಿ ಪರದೆಯ ಮೇಲಿನ ಕೃತಕ ಅಧಿಕಾರಿ ಪ್ರಶ್ನೆ ಕೇಳುತ್ತಾನೆ. ಉತ್ತರಿಸುವವರ ಮುಖ, ಕಣ್ಣು, ದನಿ ದಾಖಲಾಗುತ್ತವೆ. ಐಬಾರ್ಡರ್‌ಕಂಟ್ರೋಲ್ ಇದನ್ನು ಪ್ರಯಾಣಿಕರ ಮನೆಗೇ ಒಯ್ದಿತು. ಹೊರಡುವ ಮೊದಲು ವೆಬ್‌ಕ್ಯಾಮ್ ಮುಂದೆ ಕೂತು “ನಿಮ್ಮ ಸೂಟ್‌ಕೇಸಿನಲ್ಲಿ ಏನಿದೆ? ಅದನ್ನು ತೆರೆದು ತೋರಿಸಿದರೆ ನೀವು ಹೇಳಿದ್ದು ನಿಜವೆಂದು ಗೊತ್ತಾಗುತ್ತದೆಯೇ?” ಎಂಬಂಥ ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಮುಖದ ಸಣ್ಣಪುಟ್ಟ ಚಲನೆಗಳನ್ನು ಲೆಕ್ಕಹಾಕಿ ಯಂತ್ರ ಅಂಕ ಕೊಡುತ್ತಿತ್ತು.

ಇವೆಲ್ಲ ಅಳೆಯುವುದು ದೇಹದ ಉದ್ವೇಗವನ್ನು. ಉದ್ವೇಗಕ್ಕೆ ಕಾರಣ ಏನು ಎಂಬುದು ಯಾವ ಸೆನ್ಸರಿಗೂ ಕಾಣುವುದಿಲ್ಲ. ಮುಂದಿನ ವಿಮಾನ ತಪ್ಪೀತೆಂದು ಓಡಿ ಬಂದವರ ನಾಡಿ ಏರಿರುತ್ತದೆ. ಹೊರಗಿನ ಚಳಿಯಿಂದ ಒಳಬಂದವರ ಮುಖದ ಶಾಖಚಿತ್ರ ಕೆಲವು ನಿಮಿಷ ಬದಲಾಗುತ್ತಲೇ ಇರುತ್ತದೆ. ತಲೆಯ ಮೇಲೆ ಎಸಿ ಗಾಳಿ ಬೀಸುತ್ತಿದ್ದರೂ ಅಷ್ಟೇ. ಕನ್ನಡಕದ ಗಾಜು ಥರ್ಮಲ್ ಕ್ಯಾಮೆರಾ ಬಳಸುವ ದೀರ್ಘ ಅಲೆಯ ಅತಿಗೆಂಪು ಕಿರಣಗಳನ್ನು ತಡೆಯುವುದರಿಂದ ಕಣ್ಣಿನ ಸುತ್ತಲಿನ ಶಾಖ, ಅಂದರೆ ಈ ವಿಧಾನಕ್ಕೆ ಬೇಕಾದ ಮುಖ್ಯ ಸಂಕೇತವೇ, ಸಿಗುವುದಿಲ್ಲ. ಕಣ್ಣಿನ ಪಾಪೆ ಆತಂಕಕ್ಕಿಂತ ಹೆಚ್ಚಾಗಿ ಬೆಳಕಿಗೆ ಹಿಗ್ಗಿ ಕುಗ್ಗುತ್ತದೆ. ಕಿಟಕಿಯ ಬಿಸಿಲು ಬೀಳುವ ಕಡೆ ಕಿಯೋಸ್ಕ್ ಇಟ್ಟರೆ ಬೆಳಗಿನ ಅಳತೆಗೂ ಮಧ್ಯಾಹ್ನದ ಅಳತೆಗೂ ತಾಳೆಯಾಗದು. ಕ್ಷಣಿಕ ಮುಖಭಾವಗಳ ಪಾಡಂತೂ ಇನ್ನೂ ಕಷ್ಟ. ಅವುಗಳಲ್ಲಿ ಅತಿ ಚಿಕ್ಕವು ಸೆಕೆಂಡಿನ 25ನೇ ಒಂದು ಭಾಗದಷ್ಟು ಹೊತ್ತು ಮಾತ್ರ ಇರುತ್ತವೆ ಎನ್ನಲಾಗುತ್ತದೆ. ಸೆಕೆಂಡಿಗೆ 30 ಚೌಕಟ್ಟು (ಫ್ರೇಮ್) ಹಿಡಿಯುವ ಸಾಮಾನ್ಯ ವೆಬ್‌ಕ್ಯಾಮ್‌ಗೆ ಅಂಥದ್ದು ಒಂದೆರಡು ಚೌಕಟ್ಟಿನಲ್ಲಿ ಸಿಕ್ಕರೆ ಹೆಚ್ಚು. ಮಂದ ಬೆಳಕಿನಲ್ಲಿ ಅದೂ ಮಸುಕು. ಇನ್ನು ದನಿ: ಹಿಂದೆ ಘೋಷಣೆ ಮೊಳಗುತ್ತಿರುತ್ತದೆ, ಪ್ರಯಾಣಿಕರು ತಮ್ಮದಲ್ಲದ ಭಾಷೆಯಲ್ಲಿ ಪದ ಹುಡುಕುತ್ತಾ ತಡವರಿಸುತ್ತಾರೆ. ಯಂತ್ರ ಆ ತಡವರಿಕೆಯನ್ನೂ ಅನುಮಾನದ ಖಾತೆಗೇ ಹಾಕುವ ಸಾಧ್ಯತೆ ಇದೆ.

ತಯಾರಕರು ತೋರಿಸುವ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಪ್ರಯೋಗಾಲಯದಲ್ಲಿ ಫಾಸ್ಟ್‌ನ ನಿಖರತೆ ಸುಮಾರು ಶೇ 70 ಎಂದು 2011ರಲ್ಲಿ ವರದಿಯಾಗಿತ್ತು. ಐಬಾರ್ಡರ್‌ಕಂಟ್ರೋಲ್‌ನ ಆರಂಭದ ಪರೀಕ್ಷೆಯಲ್ಲಿದ್ದವರು 32 ಜನ, ಫಲಿತಾಂಶ ಶೇ 75ರ ಆಸುಪಾಸು. ಎರಡೂ ಕಡೆ ಸುಳ್ಳು ಹೇಳಿದವರು ಹಾಗೆ ಹೇಳಲು ಒಪ್ಪಿ ಬಂದ ಸ್ವಯಂಸೇವಕರು. ಸಿಕ್ಕಿಬಿದ್ದರೆ ಜೈಲು ಎಂಬ ಭಯ ಅವರಿಗಿಲ್ಲ. ನಿಜ ಹೇಳಿದವರಿಗೆ ವಿಮಾನ ತಪ್ಪುವ ಚಿಂತೆಯೂ ಇಲ್ಲ.

ಆ ಶೇ 75ನ್ನೇ ನಿಜವೆಂದು ಒಪ್ಪಿ ಲೆಕ್ಕ ಹಾಕೋಣ. ದಿನಕ್ಕೆ 1 ಲಕ್ಷ ಪ್ರಯಾಣಿಕರು ಹಾದುಹೋಗುವ ನಿಲ್ದಾಣದಲ್ಲಿ ಒಬ್ಬ ದುರುದ್ದೇಶದವನು ಇದ್ದಾನೆ ಎನ್ನಿ. ಯಂತ್ರ ಸುಮಾರು 25,000 ನಿರಪರಾಧಿಗಳಿಗೆ ಕೆಂಪು ದೀಪ ತೋರಿಸುತ್ತದೆ. ಹುಡುಕುತ್ತಿರುವ ಆ ಒಬ್ಬ ತಪ್ಪಿಸಿಕೊಳ್ಳುವ ಸಾಧ್ಯತೆ ನಾಲ್ಕರಲ್ಲೊಂದು. ಕೆಂಪು ದೀಪ ಬಿದ್ದ ಪ್ರತಿಯೊಬ್ಬರನ್ನೂ ಪಕ್ಕಕ್ಕೆ ಕರೆದು 5 ನಿಮಿಷ ಮಾತನಾಡಿಸಲು 2,083 ಗಂಟೆ ಬೇಕು. 8 ಗಂಟೆಯ ಪಾಳಿಯಲ್ಲಿ ಸುಮಾರು 260 ಸಿಬ್ಬಂದಿ. ನಿಖರತೆ ಶೇ 99ಕ್ಕೆ ಏರಿದರೂ ದಿನಕ್ಕೆ 1,000 ಜನ ಸುಮ್ಮನೆ ಅನುಮಾನಕ್ಕೆ ಗುರಿಯಾಗುತ್ತಾರೆ. ಹುಡುಕುವ ವ್ಯಕ್ತಿ ಅಷ್ಟು ಅಪರೂಪವಾದಾಗ ಸೆನ್ಸರನ್ನು ಎಷ್ಟು ತಿದ್ದಿದರೂ ಈ ಗಣಿತ ಬಿಡುವುದಿಲ್ಲ. ಸುಳ್ಳು ಪತ್ತೆ ಯಂತ್ರದ ಬಗ್ಗೆ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರಲ್ಲಿ ಕೊಟ್ಟ ವರದಿಯೂ ಇದನ್ನೇ ತೋರಿಸಿತ್ತು: 10,000 ನೌಕರರಲ್ಲಿ 10 ಗೂಢಚಾರರಿದ್ದು, ಅವರಲ್ಲಿ 8 ಜನರನ್ನು ಹಿಡಿಯುವಂತೆ ಯಂತ್ರವನ್ನು ಹೊಂದಿಸಿದರೆ ಜೊತೆಗೆ ಸುಮಾರು 1,600 ನಿರಪರಾಧಿಗಳೂ ಸಿಕ್ಕಿಬೀಳುತ್ತಾರೆ.

ಯಂತ್ರ ಬಿಟ್ಟು ತರಬೇತಾದ ಕಣ್ಣುಗಳನ್ನೇ ನಂಬೋಣವೆಂದರೆ ಅದರ ಫಲವೂ ನಮ್ಮ ಮುಂದಿದೆ. ಅಮೆರಿಕದ ಸಾರಿಗೆ ಭದ್ರತಾ ಆಡಳಿತದ ‘ಸ್ಪಾಟ್’ ಕಾರ್ಯಕ್ರಮದಲ್ಲಿ ಅಧಿಕಾರಿಗಳು ಸಾಲಿನಲ್ಲಿ ನಿಂತವರ ಹಾವಭಾವ ನೋಡಿ ಅಂಕ ಹಾಕುತ್ತಿದ್ದರು. 2007ರಿಂದ ಸುಮಾರು 90 ಕೋಟಿ ಡಾಲರ್ ಇದಕ್ಕೆ ಹೋಯಿತು. ಮುಂದೆ ಭಯೋತ್ಪಾದನಾ ಪ್ರಕರಣಗಳಲ್ಲಿ ಸಿಕ್ಕ 16 ಜನ, ಸ್ಪಾಟ್ ಇದ್ದ 8 ನಿಲ್ದಾಣಗಳನ್ನು ಕನಿಷ್ಠ 23 ಬಾರಿ ದಾಟಿದ್ದರೆಂದು ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ 2010ರಲ್ಲಿ ಬರೆಯಿತು. ಅದೇ ಸಂಸ್ಥೆ 2013ರಲ್ಲಿ 400ಕ್ಕೂ ಹೆಚ್ಚು ಅಧ್ಯಯನಗಳ ಸಾರವನ್ನು ಮುಂದಿಟ್ಟು, ಹಾವಭಾವ ನೋಡಿ ಸುಳ್ಳು ಹಿಡಿಯುವ ಮನುಷ್ಯನ ಶಕ್ತಿ ನಾಣ್ಯ ಚಿಮ್ಮಿದಷ್ಟೇ ಅಥವಾ ಅದಕ್ಕಿಂತ ತುಸು ಮೇಲು ಎಂದಿತು. ಯಂತ್ರಕ್ಕೆ ಕಲಿಸುತ್ತಿರುವುದು ಇದೇ ಬಗೆಯ ಸೂಚನೆಗಳನ್ನು ಎಂಬುದು ನಮ್ಮ ದೊಡ್ಡ ಆಕ್ಷೇಪ. ಹತ್ತಾರು ದೇಶಗಳ ಜನ ಒಂದೇ ಸಾಲಿನಲ್ಲಿ ನಿಲ್ಲುವ ಕಡೆ, ಕಣ್ಣು ತಗ್ಗಿಸಿ ಮಾತನಾಡುವುದನ್ನು ಮರ್ಯಾದೆಯೆಂದು ಕಲಿತವರೂ ಇರುತ್ತಾರೆ. ಅವರನ್ನು ಯಂತ್ರ ಅನುಮಾನಿಸುವುದು ಅನ್ಯಾಯ. ಅದನ್ನು ತಾಂತ್ರಿಕ ದೋಷವೆಂದು ಕರೆದು ಪಕ್ಕಕ್ಕಿಡಲು ನಮಗೆ ಮನಸ್ಸಿಲ್ಲ.

ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಒಳ್ಳೆಯ ಪ್ರಶ್ನೆ. ಥಾಮಸ್ ಓರ್ಮರಾಡ್ ಮತ್ತು ಕೋರಲ್ ಡ್ಯಾಂಡೋ ಎಂಬ ಮನಶ್ಶಾಸ್ತ್ರಜ್ಞರು ನಿಜವಾದ ವಿಮಾನ ನಿಲ್ದಾಣಗಳಲ್ಲಿ ಎಂಟು ತಿಂಗಳ ಪ್ರಯೋಗ ನಡೆಸಿದರು. ಕಟ್ಟುಕತೆ ಹೇಳಿಕೊಂಡು ಬಂದ ಅಣಕು ಪ್ರಯಾಣಿಕರಲ್ಲಿ ಶೇ 66ರಷ್ಟು ಜನರನ್ನು ಸಂಭಾಷಣೆಯ ವಿಧಾನ ಹಿಡಿಯಿತು. ಹಾವಭಾವ ನೋಡುವ ವಿಧಾನ ಹಿಡಿದದ್ದು ಶೇ 5ಕ್ಕಿಂತ ಕಡಿಮೆ. ಇಲ್ಲಿ ಅಧಿಕಾರಿ ಸ್ನೇಹದಿಂದ ಮಾತು ಆರಂಭಿಸಿ, ಪ್ರಯಾಣಿಕರೇ ಹೇಳಿದ ಸಂಗತಿಯ ಮೇಲೆ ಅವರು ಸಿದ್ಧಮಾಡಿಕೊಂಡಿರದ ಪ್ರಶ್ನೆ ಹಾಕುತ್ತಾರೆ. ಇಂಥ ಕಚೇರಿಯಲ್ಲಿ ಕೆಲಸ ಅಂದವರಿಗೆ, ರೈಲು ಅಥವಾ ಬಸ್ ನಿಲ್ದಾಣದಿಂದ ಅಲ್ಲಿಗೆ ದಿನಾ ಹೇಗೆ ಹೋಗುತ್ತೀರಿ ಎಂಬ ಪ್ರಶ್ನೆ ಸಾಕು. ನಿಜವಿದ್ದವರ ಉತ್ತರ ಬೆಳೆಯುತ್ತಾ ಹೋಗುತ್ತದೆ, ಕಟ್ಟಿದ ಕತೆ ಅಲ್ಲಿಗೇ ನಿಲ್ಲುತ್ತದೆ. ಇಲ್ಲಿ ನೋಡುವುದು ಮುಖವನ್ನಲ್ಲ, ಉತ್ತರವನ್ನು. ತರಬೇತಿಗೆ ಸಮಯ ಬೇಕು, ಭಾಷೆ ಬಲ್ಲ ಸಿಬ್ಬಂದಿ ಬೇಕು. ಸಾಲು ಉದ್ದವಾದಾಗ ಮೊದಲು ಕತ್ತರಿ ಬೀಳುವುದು ಈ ಮಾತುಕತೆಗೇ ಎಂಬ ಅಪಾಯವೂ ಇದೆ.

ಯಂತ್ರವನ್ನೇ ಪರೀಕ್ಷಿಸಲು ಹೊರಟವರು ಟೆಂಡರಿನಲ್ಲಿ ಕೆಲವು ಷರತ್ತುಗಳನ್ನು ಹಾಕಲೇಬೇಕು. ಪರೀಕ್ಷೆ ನಿಜವಾದ ಪ್ರಯಾಣಿಕರ ಮೇಲೆ, ಮಾರುವವರಿಗೆ ಸಂಬಂಧವಿಲ್ಲದ ತಂಡದಿಂದ ನಡೆಯಬೇಕು. ನಿಖರತೆ ಎಂಬ ಒಂದೇ ಅಂಕಿಯನ್ನು ಒಪ್ಪದೆ, ತಪ್ಪಾಗಿ ತಡೆದವರೆಷ್ಟು, ತಪ್ಪಿಸಿಕೊಂಡವರೆಷ್ಟು ಎಂದು ಬೇರೆ ಬೇರೆ ಕೇಳಬೇಕು; ವಯಸ್ಸು, ಮೈಬಣ್ಣ, ಭಾಷೆ, ಕನ್ನಡಕದ ಪ್ರಕಾರ ಅದನ್ನು ಬಿಡಿಸಿ ಕೊಡಬೇಕು. ಕೆಂಪು ದೀಪ ಬಿದ್ದವರಿಗೆ ಕಾರಣ ತಿಳಿಯಬೇಕು, ಅದನ್ನು ಪ್ರಶ್ನಿಸಲು ದಾರಿ ಇರಬೇಕು. ಏನೂ ಸಿಗದೆ ಬಿಟ್ಟು ಕಳುಹಿಸಿದವರ ಮುಖದ ವಿಡಿಯೊ, ನಾಡಿಯ ದಾಖಲೆ, ಅಂಕ ಎಲ್ಲವನ್ನೂ ಆ ದಿನವೇ ಅಳಿಸಬೇಕು. ಇದಕ್ಕೆ ಒಪ್ಪದ ಕಂಪನಿಯನ್ನು ಪ್ರಾತ್ಯಕ್ಷಿಕೆಗೂ ಕರೆಯುವ ಅಗತ್ಯವಿಲ್ಲ.