ಕೊಬ್ಬು ಕಡಿಮೆಯಿರುವ ಕೋಳಿಯನ್ನು ಆರಿಸುವುದು ಹೇಗೆ: ತಕ್ಕಡಿ, ರಕ್ತ, ಡಿಎನ್‌ಎ

ಮಾಂಸದ ಕೋಳಿಯ ಹೊಟ್ಟೆಯಲ್ಲಿ ಸೇರುವ ಕೊಬ್ಬು ಬಹುಮಟ್ಟಿಗೆ ವಂಶದಿಂದ ಬರುವ ಗುಣ. ಮೇವು, ವಯಸ್ಸು, ದೇಹದ ತೂಕ ಎಲ್ಲವೂ ಹೆಚ್ಚುಕಡಿಮೆ ಒಂದೇ ಆಗಿದ್ದರೂ ಒಂದು ಕುಟುಂಬದ ಹಕ್ಕಿಗಳಲ್ಲಿ ಕೊಬ್ಬು ದಟ್ಟವಾಗಿ ಕೂಡಿ, ಇನ್ನೊಂದರಲ್ಲಿ ತೆಳುವಾಗಿರುವುದನ್ನು ನಮ್ಮ ತಳಿ ಹಿಂಡಿನಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಮುಂದಿನ ಪೀಳಿಗೆಗೆ ತಂದೆತಾಯಿಗಳನ್ನು ಆರಿಸಲು ಮೂರು ವಿಧಾನಗಳನ್ನು ಒಂದೇ ಹಿಂಡಿನ ಮೇಲೆ ಪರೀಕ್ಷಿಸಿ ನೋಡಿದೆ.

ಮೊದಲನೆಯದು, ಒಡಹುಟ್ಟಿದ ಹಕ್ಕಿಗಳನ್ನು ಕೊಯ್ದು ಹೊಟ್ಟೆಯ ಕೊಬ್ಬನ್ನು ತಕ್ಕಡಿಯಲ್ಲಿ ತೂಗುವುದು. ಈ ಅಳತೆಯಲ್ಲಿ ಊಹೆಗೆ ಎಡೆಯಿಲ್ಲ. ಆದರೆ ತೂಗಿದ ಹಕ್ಕಿ ತಳಿಗೆ ಉಳಿಯುವುದಿಲ್ಲ. ಉಳಿದ ಹಕ್ಕಿಯನ್ನು ಕುಟುಂಬದ ಸರಾಸರಿಯಿಂದ ಅಳೆಯಬೇಕಾಗುವುದರಿಂದ ಅಣ್ಣತಮ್ಮಂದಿರ ನಡುವಿನ ವ್ಯತ್ಯಾಸ ಕೈತಪ್ಪುತ್ತದೆ.

ಎರಡನೆಯದಾದ ರಕ್ತಪರೀಕ್ಷೆ ಈ ಕೊರತೆಯನ್ನು ತುಂಬುತ್ತದೆ. ಕೋಳಿಯಲ್ಲಿ ಹೊಸ ಕೊಬ್ಬು ತಯಾರಾಗುವುದು ಮುಖ್ಯವಾಗಿ ಯಕೃತ್ತಿನಲ್ಲಿ, ಕೊಬ್ಬಿನ ಅಂಗಾಂಶದಲ್ಲಲ್ಲ. ಯಕೃತ್ತಿನಿಂದ ಹೊರಟ ಟ್ರೈಗ್ಲಿಸರೈಡ್ ಎಂಬ ಕೊಬ್ಬು, ಅದನ್ನು ಹೊತ್ತೊಯ್ಯುವ ವಿಎಲ್‌ಡಿಎಲ್ ಎಂಬ ಸೂಕ್ಷ್ಮ ಕಣಗಳಲ್ಲಿ ಸೇರಿ ರಕ್ತದ ಮೂಲಕ ಹೊಟ್ಟೆಯ ಕೊಬ್ಬಿನವರೆಗೆ ಸಾಗುತ್ತದೆ. ಹಾಗಾಗಿ ರೆಕ್ಕೆಯ ರಕ್ತನಾಳದಿಂದ ತೆಗೆದ ಸ್ವಲ್ಪ ರಕ್ತದಲ್ಲಿ ಈ ಸಾಗಣೆಯ ಪ್ರಮಾಣವನ್ನು ಅಳೆಯಬಹುದು, ಹಕ್ಕಿಯೂ ಬದುಕಿರುತ್ತದೆ. ಕೊಬ್ಬಿನ ಕುಟುಂಬಗಳ ಪ್ಲಾಸ್ಮಾ (ರಕ್ತಕಣಗಳನ್ನು ತೆಗೆದ ಮೇಲೆ ಉಳಿಯುವ ದ್ರವ) ಹಲವು ಸಲ ಬರಿಗಣ್ಣಿಗೇ ಮಸುಕಾಗಿ ಕಾಣುತ್ತಿತ್ತು. ಆದರೆ ಕಟ್ಟುನಿಟ್ಟು ಅಗತ್ಯ: ಉಪವಾಸವಿದ್ದ ಹಕ್ಕಿಯನ್ನೂ ಮೇವು ತಿಂದ ಹಕ್ಕಿಯನ್ನೂ ಹೋಲಿಸಲಾಗದು. ಹೇಂಟೆಗಳ ರಕ್ತವನ್ನು ಮೊಟ್ಟೆಯಿಡುವ ವಯಸ್ಸಿಗೆ ಸಾಕಷ್ಟು ಮೊದಲೇ ತೆಗೆಯಬೇಕು, ಏಕೆಂದರೆ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ಏರಿದೊಡನೆ ಯಕೃತ್ತು ಮೊಟ್ಟೆಯ ಹಳದಿ ಭಾಗಕ್ಕೆ ಬೇಕಾದ ವಿಎಲ್‌ಡಿಎಲ್ ಅನ್ನು ಹೇರಳವಾಗಿ ಸುರಿಸಿ, ತಳಿಯ ವ್ಯತ್ಯಾಸವನ್ನು ಮುಚ್ಚಿಬಿಡುತ್ತದೆ.

ಮೂರನೆಯದು ಡಿಎನ್‌ಎ ಗುರುತುಗಳು, ಅಂದರೆ ಒಂದು ಗುಣದ ಜೊತೆಗೆ ಕಾಣಿಸಿಕೊಳ್ಳುವ ಡಿಎನ್‌ಎಯ ಸಣ್ಣ ವ್ಯತ್ಯಾಸಗಳು. ಕೋಳಿಯ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇರುವುದರಿಂದ ಒಂದು ಹನಿ ರಕ್ತವೇ ಧಾರಾಳ. ಮರಿ ಹೊರಬಂದ ದಿನವೇ ಪರೀಕ್ಷಿಸಬಹುದು. ವಿಎಲ್‌ಡಿಎಲ್ ಗ್ರಾಹಕದ (ಆ ಕಣಗಳನ್ನು ಹಿಡಿದು ಕೋಶದೊಳಗೆ ಸೆಳೆಯುವ ಪ್ರೋಟೀನಿನ) ವಂಶವಾಹಿಯಲ್ಲಿನ ಒಂದೇ ಬದಲಾವಣೆ ಹೇಂಟೆಯ ರಕ್ತವನ್ನು ಕೊಬ್ಬಿನಿಂದ ತುಂಬಿಸಿ, ಮೊಟ್ಟೆಯಿಡುವುದನ್ನೇ ಬಹುತೇಕ ನಿಲ್ಲಿಸುವ ತಳಿಯೊಂದು ಇರುವುದರಿಂದ ನನಗೆ ಈ ದಾರಿಯಲ್ಲಿ ಬಹಳ ಆಸೆಯಿತ್ತು. ಆದರೆ ಸಾಮಾನ್ಯ ಹಿಂಡಿನ ಕೊಬ್ಬು ಹಾಗಲ್ಲ. ಹಲವು ವಂಶವಾಹಿಗಳು ಸ್ವಲ್ಪಸ್ವಲ್ಪವಾಗಿ ಸೇರಿ ಅದನ್ನು ನಿರ್ಧರಿಸುತ್ತವೆ. ಒಂದು ಕುಟುಂಬದಲ್ಲಿ ತೆಳುತನವನ್ನು ಸೂಚಿಸಿದ ಗುರುತು ಪಕ್ಕದ ಕುಟುಂಬದಲ್ಲಿ ಏನನ್ನೂ ಹೇಳಲಿಲ್ಲ.

ಆದ್ದರಿಂದ ಒಂದೆರಡು ಗುರುತುಗಳನ್ನೇ ನಂಬಿ ಹುಂಜವನ್ನು ಆರಿಸುವುದನ್ನು ನಾನು ಒಪ್ಪುವುದಿಲ್ಲ. ನನ್ನ ಆಯ್ಕೆ ರಕ್ತ, ಅದರ ಹಿಂದೆ ಕೆಲವು ಒಡಹುಟ್ಟುಗಳ ತಕ್ಕಡಿ. ಚೀನಾದ ಹಾರ್ಬಿನ್‌ನಲ್ಲಿ 1996ರಿಂದ ಬೆಳೆಸಿದ ತೆಳು ಮತ್ತು ಕೊಬ್ಬಿನ ತಳಿಸಾಲುಗಳ ಆಯ್ಕೆಗೂ ಹೊಟ್ಟೆಯ ಕೊಬ್ಬಿನ ಪ್ರಮಾಣ, ಪ್ಲಾಸ್ಮಾದ ವಿಎಲ್‌ಡಿಎಲ್ ಎರಡನ್ನೂ ಆಧಾರವಾಗಿಟ್ಟುಕೊಂಡಿದ್ದಾರೆ. ಸಾವಿರಾರು ಡಿಎನ್‌ಎ ಗುರುತುಗಳನ್ನು ಒಟ್ಟಿಗೆ ಓದುವ ಚಿಪ್ ಬಳಸುವವರಿಗೂ ತಮ್ಮದೇ ಹಿಂಡಿನಲ್ಲಿ ಹೀಗೆ ಅಳೆದ ಹಕ್ಕಿಗಳ ದಾಖಲೆ ಮೊದಲು ಬೇಕು.