ರಸ್ಟ್‌ನ ‘ಎಕ್ಸ್‌ಪೆಕ್ಟ್’: ಎಚ್ಚರಿಕೆಯನ್ನು ಅಡಗಿಸಿದರೂ ಲೆಕ್ಕ ಬಿಡದ ಸೌಲಭ್ಯ

ಯಾರೂ ಕರೆಯದ ಫಂಕ್ಷನ್, ಯಾರೂ ಓದದ ಫೀಲ್ಡ್, ಬರೆದಿಟ್ಟು ಮರೆತ ವೇರಿಯಬಲ್, ಇವು ಕಣ್ಣಿಗೆ ಬಿದ್ದರೆ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರ್ (ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಅನುವಾದಿಸುವ ಸಾಧನ) ಎಚ್ಚರಿಸದೆ ಬಿಡುವುದಿಲ್ಲ. ಅರ್ಧ ಕಟ್ಟಿದ ಪ್ರೋಗ್ರಾಮಿನಲ್ಲಿ ಇಂಥ ಎಚ್ಚರಿಕೆಗಳೇ ಪರದೆ ತುಂಬಿ, ನಿಜವಾಗಿ ನೋಡಬೇಕಾದ ದೋಷ ಅವುಗಳ ನಡುವೆ ಕಳೆದುಹೋಗುವುದರಿಂದ, ಅವನ್ನು ಅಡಗಿಸುವ ಸೌಲಭ್ಯ ಬೇಕೇ ಬೇಕು.

ನಾನು ಬಹುಕಾಲ ನೆಚ್ಚಿಕೊಂಡಿದ್ದುದು ‘ಅಲೋ’ ಎಂಬ ಆಟ್ರಿಬ್ಯೂಟನ್ನು, ಅಂದರೆ ಕೋಡಿನ ಮೇಲೆ ಬರೆದು ಕಂಪೈಲರಿಗೆ ಸೂಚನೆ ಕೊಡುವ ಗುರುತನ್ನು. ಫಂಕ್ಷನ್ ತಲೆಯ ಮೇಲೆ ಬರೆದರೆ ವಿನಾಯಿತಿ ಅದಕ್ಕಷ್ಟೇ. ಆಟ್ರಿಬ್ಯೂಟಿನ ಆರಂಭದ ಹ್ಯಾಶ್ ಗುರುತಿನ ಬೆನ್ನಿಗೆ ಆಶ್ಚರ್ಯಸೂಚಕ ಸೇರಿಸಿ ಮುಖ್ಯ ಕಡತದ ಆರಂಭದಲ್ಲಿಟ್ಟರೆ ಇಡೀ ಕ್ರೇಟಿಗೆ, ಅಂದರೆ ಒಟ್ಟಾಗಿ ಕಂಪೈಲ್ ಆಗುವ ಅಷ್ಟೂ ಕೋಡಿಗೆ. ಮೊದಲ ವಾರದ ಅನುಕೂಲಕ್ಕೆಂದು ಎರಡನೆಯ ದಾರಿ ಹಿಡಿದ ನಾನು ಆ ಸಾಲನ್ನು ತೆಗೆಯಲು ಮರೆತೆ. ತಿಂಗಳುಗಳ ನಂತರ ಅಳಿಸಿದಾಗ ಹೊರಬಿದ್ದ ಪಟ್ಟಿಯಲ್ಲಿ ಇನ್‌ಪುಟ್ ಪರಿಶೀಲಿಸುವ ಫಂಕ್ಷನ್ ಕೂಡ ಇತ್ತು: ಬರೆದಿದ್ದೆ, ಮೇಲೊಂದು ಕಾಮೆಂಟನ್ನೂ ಹಾಕಿದ್ದೆ, ಎಲ್ಲಿಂದಲೂ ಕರೆದಿರಲಿಲ್ಲ.

2024ರ ಸೆಪ್ಟೆಂಬರಿನಲ್ಲಿ 1.81ನೇ ಆವೃತ್ತಿಯೊಂದಿಗೆ ಸ್ಥಿರಗೊಂಡ ‘ಎಕ್ಸ್‌ಪೆಕ್ಟ್’ ಈ ಮರೆವಿಗೇ ಮದ್ದು. ಇದೂ ಎಚ್ಚರಿಕೆಯನ್ನು ಅಡಗಿಸುತ್ತದೆ, ಆದರೆ ಇದನ್ನು ಬರೆದಿಟ್ಟ ಫಂಕ್ಷನ್ ಬಳಕೆಗೆ ಬಂದ ದಿನ, ನಿರೀಕ್ಷಿಸಿದ ಎಚ್ಚರಿಕೆ ಹುಟ್ಟಲೇ ಇಲ್ಲವೆಂದು ಕಂಪೈಲರ್ ತಾನೇ ತಿಳಿಸುವುದರಿಂದ, ಬೇಡವಾದ ವಿನಾಯಿತಿ ಕಡತದಲ್ಲಿ ಉಳಿಯುವುದಿಲ್ಲ. ಜೊತೆಗೇ ಬಂದ ‘ರೀಸನ್’ನಲ್ಲಿ ಕಾರಣವನ್ನೂ ಬರೆದಿಡಬಹುದು, ಆರು ತಿಂಗಳ ನಂತರ ಓದುವವರು ಬಹುಪಾಲು ನಾವೇ ಆಗಿರುತ್ತೇವೆ.

ವೇರಿಯಬಲ್‌ಗಳ ಎಚ್ಚರಿಕೆ ಅಡಗಿಸಲು ಹೆಸರಿನ ಮುಂದೊಂದು ಅಂಡರ್‌ಸ್ಕೋರ್ ಸಾಕು. ಆದರೆ ಹೆಸರನ್ನೇ ಬಿಟ್ಟು ಬರೀ ಅಂಡರ್‌ಸ್ಕೋರ್ ಬರೆಯುವುದು ಬೇರೆಯೇ ಮಾತು. ತಾತ್ಕಾಲಿಕ ಫೋಲ್ಡರನ್ನು ಸೃಷ್ಟಿಸಿ, ತಾನು ಡ್ರಾಪ್ ಆದಾಗ (ಕೆಲಸ ಮುಗಿದು ವಿಲೇವಾರಿಯಾದಾಗ) ಅದನ್ನು ಅಳಿಸುವ ಮೌಲ್ಯವನ್ನು ಒಂದು ಕರೆ ಹಿಂದಿರುಗಿಸಿತೆನ್ನಿ. ಹೆಸರಿದ್ದರೆ ಅದು ಬ್ಲಾಕಿನ ಕೊನೆಯವರೆಗೆ ಬದುಕುತ್ತದೆ, ಬರೀ ಅಂಡರ್‌ಸ್ಕೋರಿಗೆ ಕೊಟ್ಟರೆ ಆ ಸಾಲಿನಲ್ಲೇ ಡ್ರಾಪ್ ಆಗಿ ಫೋಲ್ಡರೂ ಹೋಗುತ್ತದೆ. ದತ್ತಾಂಶವನ್ನು ಒಂದು ಹೊತ್ತಿಗೆ ಒಬ್ಬರೇ ಬಳಸುವಂತೆ ಕಾಯುವ ಮ್ಯೂಟೆಕ್ಸ್‌ನಂಥ ಲಾಕುಗಳ ವಿಷಯದಲ್ಲಿ ಕಂಪೈಲರ್ ಇದನ್ನು ದೋಷವೆಂದೇ ತಡೆಯುತ್ತದೆ, ಉಳಿದ ಕಡೆ ಸಾಮಾನ್ಯವಾಗಿ ಮೌನವಾಗಿರುತ್ತದೆ.

ಎಕ್ಸ್‌ಪೆಕ್ಟ್ ಕೈಕೊಡುವ ಜಾಗವೂ ಇದೆ. ಭಾಗಗಳು ಒಟ್ಟಾಗಿ ಕೆಲಸ ಮಾಡುತ್ತವೆಯೇ ಎಂದು ನೋಡುವ ಇಂಟಿಗ್ರೇಷನ್ ಟೆಸ್ಟ್‌ನ ಪ್ರತಿ ಕಡತವೂ ಪ್ರತ್ಯೇಕ ಕ್ರೇಟಾಗಿ ಕಂಪೈಲ್ ಆಗುವುದರಿಂದ, ಅವೆಲ್ಲ ಹಂಚಿಕೊಳ್ಳುವ ಮಾಡ್ಯೂಲಿನ ಸಹಾಯಕ ಫಂಕ್ಷನ್ ಒಂದರಲ್ಲಿ ಬಳಕೆಯಾಗಿ ಇನ್ನೊಂದರಲ್ಲಿ ವ್ಯರ್ಥವಾಗಿರುತ್ತದೆ. ಅಲ್ಲಿ ಎಕ್ಸ್‌ಪೆಕ್ಟ್ ಇಟ್ಟರೆ ಯಾವುದೋ ಒಂದು ಟೆಸ್ಟ್ ದೂರುತ್ತಲೇ ಇರುತ್ತದೆ. ಆ ಒಂದು ಮಾಡ್ಯೂಲಿನಲ್ಲಿ ನಾನು ಇಂದಿಗೂ ಅಲೋವನ್ನೇ ಉಳಿಸಿಕೊಂಡಿದ್ದೇನೆ.